ಮಳೆ ಬರಬಹುದು ಅಂತ ನಡಿಗೆ ಬಿಡಬೇಕಾ?

ಓದುಗರ ಪ್ರಶ್ನೆ: ವಾರಕ್ಕೊಮ್ಮೆ ಗೆಳತಿಯರ ಜೊತೆ ಹತ್ತಿರದ ಗುಡ್ಡಗಳಿಗೆ ಚಾರಣ ಹೋಗುವ ಅಭ್ಯಾಸ ಮಾಡಿಕೊಂಡಿದ್ದೇನೆ. ಆದರೆ ಹವಾಮಾನ ಕೈಕೊಡುತ್ತಲೇ ಇದೆ. ಆ್ಯಪ್‌ನಲ್ಲಿ ಮಳೆ ಅಂತ ನೋಡಿ ರದ್ದು ಮಾಡಿದರೆ ದಿನವಿಡೀ ಬಿಸಿಲು. ಬಿಸಿಲು ಅಂತ ಹೊರಟರೆ ಅರ್ಧ ದಾರಿಯಲ್ಲಿ ನೆನೆದು ತೊಪ್ಪೆ. ಮುಂದಿನ ತಿಂಗಳು 10 ಕಿ.ಮೀ. ಸಹಾಯಾರ್ಥ ನಡಿಗೆಯೊಂದಕ್ಕೆ ಹೆಸರು ಕೊಟ್ಟಿದ್ದೇನೆ, ಪರಿಚಯದವರ ಹತ್ತಿರ ದೇಣಿಗೆಯನ್ನೂ ಕೇಳಿದ್ದೇನೆ. ಅವತ್ತು ಮಳೆ ಬಂದರೆ ಏನು ಮಾಡಲಿ? ದುಬಾರಿ ಮಳೆ ಜಾಕೆಟ್ ಒಂದು ಕೊಂಡರೆ ಸಾಕಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಮಳೆ ಬರಬಹುದು ಅನ್ನುವ ಒಂದೇ ಕಾರಣಕ್ಕೆ ನಡಿಗೆ ಬಿಡಬೇಕಿಲ್ಲ. ಸಿಡಿಲು, ಉಕ್ಕುವ ಹಳ್ಳ, ಜೋರು ಗಾಳಿ, ವಿಪರೀತ ಸೆಕೆ, ಈ ನಾಲ್ಕಕ್ಕೆ ಬಿಡಬೇಕು. ಅದರಲ್ಲಿ ಚೌಕಾಸಿ ಇಲ್ಲ. ಉಳಿದಂತೆ, ಜನರನ್ನು ಚಾರಣಕ್ಕೆ ಕರೆದುಕೊಂಡು ಹೋಗುವಾಗ ನಾನು ಪಾಲಿಸುವುದು ಇಷ್ಟೇ: ದಿನ ಬದಲಿಸಬೇಡಿ, ದಾರಿ ಬದಲಿಸಿ. ಜಾಕೆಟ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದು ಅಂಗಡಿಯವರು ಹೇಳುವಷ್ಟು ದೊಡ್ಡ ವಿಷಯವೇನಲ್ಲ.

ಮೊದಲು ಆ ಆ್ಯಪ್. ನಿಮ್ಮ ಅರ್ಧ ತಲೆನೋವು ಹುಟ್ಟುತ್ತಿರುವುದೇ ಅಲ್ಲಿ. ದಿನದ ಹೆಸರಿನ ಪಕ್ಕ ಒಂದು ಮೋಡ, ಮೂರು ಹನಿ, ಕೆಳಗೆ 40 ಶೇಕಡಾ ಅಂತ ಇರುತ್ತದೆ. ಇದನ್ನು ನೋಡಿ ಕೆಲವರು ದಿನದ 40 ಭಾಗ ಮಳೆ ಅಂದುಕೊಳ್ಳುತ್ತಾರೆ. ಇನ್ನು ಕೆಲವರು ಊರಿನ 40 ಭಾಗಕ್ಕೆ ಮಳೆ ಅನ್ನುತ್ತಾರೆ. ಎರಡೂ ಸರಿಯಲ್ಲ. ಸಾಮಾನ್ಯವಾಗಿ ಅದರ ಅರ್ಥ ಇಷ್ಟು: ಆ ಅವಧಿಯಲ್ಲಿ, ನೀವು ನಿಂತ ಜಾಗದಲ್ಲಿ, ಅಳೆಯಲು ಸಿಗುವಷ್ಟು ಮಳೆ ಬೀಳುವ ಸಾಧ್ಯತೆ ನೂರಕ್ಕೆ 40. ಅಳೆಯಲು ಸಿಗುವಷ್ಟು ಅಂದರೆ ಕಾಲು ಮಿಲಿಮೀಟರ್ ಇದ್ದರೂ ಲೆಕ್ಕಕ್ಕೆ ಬರಬಹುದು, ರಸ್ತೆ ಸರಿಯಾಗಿ ಒದ್ದೆಯಾಗುವಷ್ಟೂ ಇಲ್ಲ. ಎಷ್ಟು ಹೊತ್ತು ಬರುತ್ತದೆ, ಎಷ್ಟು ಜೋರಾಗಿ ಬರುತ್ತದೆ ಅನ್ನುವುದನ್ನು ಆ ಸಂಖ್ಯೆ ಹೇಳುವುದೇ ಇಲ್ಲ. ಅಂದರೆ 40 ಅಂತ ನೋಡಿ ನೀವು ರದ್ದು ಮಾಡಿದ ದಿನ ಬಿಸಿಲು ಬಂದರೆ ಮುನ್ಸೂಚನೆ ತಪ್ಪಾಯಿತು ಅಂತ ಅಲ್ಲ. ನೂರರಲ್ಲಿ 60 ಸಲ ಮಳೆ ಬರುವುದಿಲ್ಲ ಅಂತಲೇ ಅದು ಹೇಳಿದ್ದು.

ಹಾಗಾಗಿ ದಿನದ ಚಿತ್ರ ನೋಡುವುದನ್ನು ಬಿಟ್ಟುಬಿಡಿ. ಗಂಟೆ ಗಂಟೆಯ ವಿವರ ತೆರೆಯಿರಿ. ಎಷ್ಟೋ ಸಲ ಇಡೀ ದಿನಕ್ಕೆ ಮಳೆಯ ಗುರುತು ಅಂಟಿಸಿರುತ್ತಾರೆ, ಒಳಗೆ ಹೋಗಿ ನೋಡಿದರೆ ಮಳೆ ಇರುವುದು ಸಂಜೆ ನಾಲ್ಕರಿಂದ ಏಳರವರೆಗೆ ಮಾತ್ರ. ನೀವು ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದಕ್ಕೆ ಮನೆ ಸೇರುವವರಾದರೆ ಆ ಮಳೆ ನಿಮ್ಮದಲ್ಲವೇ ಅಲ್ಲ. ಆಮೇಲೆ ಮೂರು ಸಂಗತಿ ನೋಡಿ. ಮಿಲಿಮೀಟರ್ ಲೆಕ್ಕದ ಮಳೆ ಪ್ರಮಾಣ, ಗಾಳಿಯ ವೇಗ, ಗುಡುಗಿನ ಎಚ್ಚರಿಕೆ ಇದೆಯೋ ಇಲ್ಲವೋ. ಹೊರಡುವ ಮುಂಚೆ ರೇಡಾರ್ ಚಿತ್ರವನ್ನೂ ಒಮ್ಮೆ ಓಡಿಸಿ ನೋಡಿ. ಕಳೆದ ಒಂದು ಗಂಟೆಯಲ್ಲಿ ಮಳೆಯ ಪಟ್ಟಿ ಯಾವ ಕಡೆಗೆ ಎಷ್ಟು ಸರಿದಿದೆ ಅಂತ ಗೊತ್ತಾದರೆ ಮುಂದಿನ ಒಂದು ಗಂಟೆಯ ಅಂದಾಜು ನಿಮಗೇ ಸಿಗುತ್ತದೆ. ಅಷ್ಟು ಹತ್ತಿರದ ಅವಧಿಗೆ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಹತ್ತು ದಿನ ಮುಂಚಿನ ಮುನ್ಸೂಚನೆ ನೋಡಿ ಚಿಂತೆ ಮಾಡುವುದು ಸುಮ್ನೆ ದಂಡ.

ಇನ್ನೊಂದು ಮಾತು. ಆ್ಯಪ್ ಹೇಳುವುದು ಹೆಚ್ಚಾಗಿ ಊರಿನ ಹವಾಮಾನ, ನೀವು ಹತ್ತುವುದು ಗುಡ್ಡ. ಮೇಲೆ ಹೋದಂತೆ ಸರಾಸರಿ ಪ್ರತಿ 1000 ಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್ ತಂಪಾಗುತ್ತದೆ. 500 ಮೀಟರ್ ಎತ್ತರದ ಸಣ್ಣ ಗುಡ್ಡವಾದರೂ ತುದಿಯಲ್ಲಿ ಮೂರು ಡಿಗ್ರಿ ಕಮ್ಮಿ. ತೇವದ ಗಾಳಿ ಇಳಿಜಾರಿಗೆ ತಾಗಿ ಮೇಲೆ ಹೋಗುತ್ತದೆ, ತಣ್ಣಗಾಗುತ್ತದೆ, ಅಲ್ಲೇ ಮೋಡ ಕಟ್ಟುತ್ತದೆ. ಅದಕ್ಕೇ ಕೆಳಗೆ ಬಿಸಿಲಿದ್ದಾಗಲೂ ನೆತ್ತಿಯ ಮೇಲೆ ತುಂತುರು ಇರುವುದು. ಗಾಳಿಯೂ ಅಷ್ಟೇ. 10 ಡಿಗ್ರಿ ಇದ್ದು ಗಂಟೆಗೆ 40 ಕಿ.ಮೀ. ಗಾಳಿ ಬೀಸಿದರೆ ಮೈಗೆ ಅದು 6 ಡಿಗ್ರಿಯಂತೆ ತಾಗುತ್ತದೆ, ಇದು ಒಣ ಚರ್ಮದ ಲೆಕ್ಕ. ಬಟ್ಟೆ ಒದ್ದೆಯಾಗಿದ್ದರೆ ಕತೆಯೇ ಬೇರೆ.

ಈಗ ದಾರಿ ಬದಲಿಸುವ ವಿಷಯ. ನಿಮ್ಮ ಸುತ್ತಮುತ್ತ ನಿಮಗೆ ಚೆನ್ನಾಗಿ ಗೊತ್ತಿರುವ ಮೂರು ದಾರಿ ಇಟ್ಟುಕೊಳ್ಳಿ. ಒಂದು, ಬಯಲಿನ ನೆತ್ತಿ ಇರುವ, ದೂರದ ನೋಟ ಸಿಗುವ ದಾರಿ. ಅದು ಒಳ್ಳೆಯ ದಿನಕ್ಕೆ. ಎರಡನೆಯದು ಮರಗಳ ನಡುವೆ ಸಾಗುವ, ಗಾಳಿ ಬಡಿಯದ, ಹಳ್ಳ ದಾಟಬೇಕಿಲ್ಲದ ದಾರಿ. ಬಿಸಿಲು ಜಾಸ್ತಿ ಇದ್ದಾಗಲೂ ಇದೇ ಸರಿ, ಜಿಟಿಜಿಟಿ ಮಳೆಗೂ ಇದೇ ಸರಿ. ಜೋರು ಗಾಳಿಗೆ ಮಾತ್ರ ಬೇಡ, ಕೊಂಬೆ ಮುರಿದು ಬೀಳುವುದು ಆಗಲೇ. ಮೂರನೆಯದು ಎಲ್ಲಿ ಬೇಕಾದರೂ ಅರ್ಧ ಗಂಟೆಯಲ್ಲಿ ರಸ್ತೆಗೆ ಬಂದು ಸೇರಬಹುದಾದ ಸಣ್ಣ ಸುತ್ತು. ಆಕಾಶ ಏನು ಮಾಡುತ್ತದೋ ಗೊತ್ತಾಗದ ದಿನಕ್ಕೆ ಅದು. ಗೆಳತಿಯರ ಜೊತೆ ಮೊದಲೇ ಮಾತಾಗಿಬಿಡಲಿ: ಭಾನುವಾರ ಬೆಳಿಗ್ಗೆ ಹೋಗುವುದು ಖಂಡಿತ, ಯಾವ ದಾರಿ ಅನ್ನುವುದು ಶನಿವಾರ ರಾತ್ರಿ ತೀರ್ಮಾನ. ಹೀಗೆ ಮಾಡಿದರೆ ಒಂದು ಉಪಕಾರ ಆಗುತ್ತದೆ. ಹೋಗೋಣವೋ ಬೇಡವೋ ಅನ್ನುವ ಚರ್ಚೆಯಲ್ಲಿ ಯಾವಾಗಲೂ ಗೆಲ್ಲುವುದು ಹಾಸಿಗೆ. ಎಲ್ಲಿಗೆ ಹೋಗೋಣ ಅನ್ನುವ ಚರ್ಚೆಗೆ ಹಾಸಿಗೆಯನ್ನು ಕರೆಯಬೇಕಾಗಿಯೇ ಇಲ್ಲ.

ದಾರಿಯಲ್ಲಿ ಆಕಾಶದ ಮೇಲೆ ಒಂದು ಕಣ್ಣಿರಲಿ. ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೇ ಬಿಳಿ ಮೋಡಗಳು ಹೂಕೋಸಿನ ಹಾಗೆ ಮೇಲಕ್ಕೆ ಮೇಲಕ್ಕೆ ಉಬ್ಬುತ್ತಿದ್ದರೆ ಮಧ್ಯಾಹ್ನಕ್ಕೆ ಗುಡುಗು ಇರಬಹುದು ಅಂತ ಲೆಕ್ಕ ಹಾಕಿ. ನೆಲ ಕಾದು, ಬಿಸಿ ಗಾಳಿ ಏರಿ ಹುಟ್ಟುವ ಮಳೆ ಇದು. ಅದಕ್ಕೇ ಜಾಸ್ತಿ ಸಲ ಮಧ್ಯಾಹ್ನದ ನಂತರವೇ ಬರುತ್ತದೆ, ಬೇಗ ಹೊರಡುವವರಿಗೆ ಸಿಗುವುದು ಕಮ್ಮಿ. ಮೋಡದ ಬುಡ ಕಪ್ಪಾಗಿ, ನೆತ್ತಿ ಚಪ್ಪಟೆಯಾಗಿ ಪಕ್ಕಕ್ಕೆ ಹರಡಿತೆಂದರೆ ಅದು ಸಿಡಿಲಿನ ಮೋಡವೇ. ಇನ್ನೊಂದು ಗುರುತು ನನಗೆ ತುಂಬಾ ನಂಬಿಕೆಯದು. ಸೆಕೆಯಲ್ಲಿ ಬೆವರು ಸುರಿಸುತ್ತಾ ಹತ್ತುತ್ತಿರುತ್ತೀರಿ, ಎಲೆ ಅಲುಗುತ್ತಿರುವುದಿಲ್ಲ. ಇದ್ದಕ್ಕಿದ್ದಂತೆ ಕುತ್ತಿಗೆಯ ಹಿಂದೆ ತಣ್ಣನೆಯ ಗಾಳಿ ಹೊಡೆಯುತ್ತದೆ, ಒಣ ಎಲೆಗಳು ದಾರಿಯ ಮೇಲೆ ಸರಸರ ಓಡುತ್ತವೆ, ಎಲ್ಲರೂ ನಿಂತು "ಆಹಾ, ಎಷ್ಟು ಹಿತ" ಅನ್ನುತ್ತಾರೆ. ಹಿತವೇನೋ ನಿಜ. ಆದರೆ ಅದು ಮಳೆಮೋಡದಿಂದ ಕೆಳಗೆ ಬಿದ್ದು ಮುಂದಕ್ಕೆ ನುಗ್ಗಿದ ಗಾಳಿ. ಮಳೆ ಅದರ ಹಿಂದೆಯೇ ಇರುತ್ತದೆ, ಹೆಚ್ಚೆಂದರೆ ಕೆಲವು ನಿಮಿಷ. ಫೋಟೊ ತೆಗೆಯುತ್ತಾ ನಿಲ್ಲದೆ ಬ್ಯಾಗ್ ಮುಚ್ಚಿ, ಜಾಕೆಟ್ ಹಾಕಿ, ನೆತ್ತಿಯಿಂದ ಇಳಿಯಲು ಶುರು ಮಾಡಿ.

ಸಿಡಿಲಿನ ವಿಷಯದಲ್ಲಿ ಧೈರ್ಯಕ್ಕೆ ಕೆಲಸವಿಲ್ಲ. ಗುಡುಗು ಕಿವಿಗೆ ಬಿತ್ತೆಂದರೆ ನೀವು ಆಗಲೇ ಸಿಡಿಲಿನ ವ್ಯಾಪ್ತಿಯಲ್ಲಿದ್ದೀರಿ. ಮಿಂಚು ಕಂಡು ಎಷ್ಟು ಸೆಕೆಂಡಿಗೆ ಗುಡುಗು ಕೇಳಿಸಿತು ಅಂತ ಎಣಿಸಿ ಮೂರರಿಂದ ಭಾಗಿಸಿದರೆ ದೂರ ಎಷ್ಟು ಕಿಲೋಮೀಟರ್ ಅಂತ ಸಿಗುತ್ತದೆ. 30 ಸೆಕೆಂಡ್ ಅಂದರೆ 10 ಕಿ.ಮೀ. ದೂರ ಅಂತ ನೆಮ್ಮದಿಯಾಗಿ ಇರಬೇಡಿ, ಮಳೆ ಬೀಳುತ್ತಿರುವ ಜಾಗದಿಂದ ಅಷ್ಟು ದೂರಕ್ಕೂ ಸಿಡಿಲು ಹೊಡೆಯುತ್ತದೆ. ಸುರಕ್ಷಿತ ಜಾಗ ಎರಡೇ. ಗೋಡೆ, ತಂತಿ, ಕೊಳವೆ ಎಲ್ಲ ಇರುವ ಸರಿಯಾದ ಕಟ್ಟಡ, ಇಲ್ಲವೇ ಲೋಹದ ಮೇಲ್ಛಾವಣಿಯ, ಗಾಜು ಏರಿಸಿದ ಕಾರು. ದಾರಿ ಬದಿಯ ತೆರೆದ ಮಂಟಪ, ತಗಡಿನ ನೆರಳು, ಒಂಟಿ ಮರ, ಡೇರೆ, ಇವು ಮಳೆಯಿಂದ ಕಾಪಾಡಬಹುದು, ಸಿಡಿಲಿನಿಂದ ಅಲ್ಲ. ಎರಡೂ ಹತ್ತಿರ ಇಲ್ಲದಿದ್ದರೆ ನೆತ್ತಿ, ಬಯಲು, ಒಂಟಿ ಮರ, ನೀರು, ತಂತಿ ಬೇಲಿ ಇವುಗಳಿಂದ ದೂರ ಸರಿಯುತ್ತಾ ತಗ್ಗಿಗೆ ಇಳಿಯಿರಿ, ಗುಂಪು ಕಟ್ಟಿಕೊಂಡು ನಿಲ್ಲದೆ ಒಬ್ಬರಿಂದ ಒಬ್ಬರು ಅಂತರ ಇಟ್ಟುಕೊಳ್ಳಿ. ಮುದುಡಿ ಕೂತರೆ ಸಾಕು ಅಂತ ಹಿಂದೆ ಹೇಳಿಕೊಡುತ್ತಿದ್ದರು. ಅದರಿಂದ ಸಿಗುವ ರಕ್ಷಣೆ ಬಹಳ ಕಮ್ಮಿ, ಆ ಸಮಯವನ್ನು ಕೆಳಗಿಳಿಯಲು ಬಳಸಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾದು ಮತ್ತೆ ಹೊರಡಿ. ಈ ಅರ್ಧ ಗಂಟೆಯಲ್ಲಿ ಬಿಸಿಲು ಬಂದರೂ ಕಾಯಿರಿ, ಗುಂಪಿನಲ್ಲಿ ಯಾರೋ ಒಬ್ಬರು "ಎಲ್ಲಾ ಮುಗೀತು ನಡೀರಿ" ಅಂತ ಹೇಳಿಯೇ ಹೇಳುತ್ತಾರೆ.

ಹಳ್ಳದ ಬಗ್ಗೆಯೂ ಇಷ್ಟೇ ಖಡಕ್ಕಾಗಿ ಹೇಳುತ್ತೇನೆ. ಹೋಗುವಾಗ ಕಲ್ಲಿನಿಂದ ಕಲ್ಲಿಗೆ ದಾಟಿದ ಹಳ್ಳ ಬರುವಾಗ ಹಾಗೇ ಇರುತ್ತದೆ ಅಂತ ನಂಬಬೇಡಿ. ನಿಮ್ಮ ತಲೆ ಮೇಲೆ ಒಂದು ಹನಿ ಬೀಳದಿದ್ದರೂ ಮೇಲ್ಗಡೆ ಎಲ್ಲೋ ಸುರಿದ ಮಳೆ ಇಲ್ಲಿ ನೀರಾಗಿ ಬರುತ್ತದೆ. ತಿಳಿಯಾಗಿದ್ದ ನೀರು ಕೆಂಪಾಗುವುದು, ಕಡ್ಡಿ ಕಸ ತೇಲಿಬರುವುದು, ಸದ್ದು ಏರುವುದು, ಇದರಲ್ಲಿ ಒಂದು ಕಂಡರೂ ಆ ಕಡೆಗೆ ಇಳಿಯಬೇಡಿ. ರಭಸದ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡವರನ್ನು ಬೀಳಿಸಬಹುದು. ನೀರಿನ ವೇಗ ಎರಡು ಪಟ್ಟಾದರೆ ಕಾಲಿಗೆ ಬೀಳುವ ಒತ್ತಡ ನಾಲ್ಕು ಪಟ್ಟು. ಹಗ್ಗ, ಕೈಕೈ ಹಿಡಿದ ಸರಪಳಿ, ಇವನ್ನೆಲ್ಲ ವಿಡಿಯೊ ನೋಡಿ ಕಲಿತು ಪ್ರಯೋಗ ಮಾಡುವ ಜಾಗ ಅದಲ್ಲ. ಕಾಯಿರಿ, ಅಥವಾ ಸುತ್ತು ಹಾಕಿ ಬನ್ನಿ. ಸಣ್ಣ ಹಳ್ಳಗಳು ಮಳೆ ನಿಂತ ಮೇಲೆ ಕೆಲವು ಗಂಟೆಯಲ್ಲಿ ಇಳಿಯುವುದೂ ಉಂಟು.

ಹಿಂತಿರುಗುವ ಸಮಯವನ್ನು ಮನೆಯಲ್ಲೇ ಬರೆದುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ತುದಿ ಇನ್ನು ಹತ್ತೇ ನಿಮಿಷ ಅನ್ನುವಾಗ ಯಾರ ಬುದ್ಧಿಯೂ ನೆಟ್ಟಗಿರುವುದಿಲ್ಲ. ಲೆಕ್ಕ ಹಾಕಲು ಹಳೆಯ ಸೂತ್ರ ಒಂದಿದೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಅನ್ನುವ ಪರ್ವತಾರೋಹಿ 1892ರಲ್ಲಿ ಕೊಟ್ಟಿದ್ದು. ಸುಮಾರಾಗಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 100 ಮೀಟರ್ ಏರಿಗೆ ಹತ್ತು ನಿಮಿಷ. 8 ಕಿ.ಮೀ. ದಾರಿ, 400 ಮೀಟರ್ ಏರು ಅಂದರೆ ಎರಡೂಕಾಲು ಗಂಟೆ ಆಯಿತು. ಆದರೆ ಅದು ಗಟ್ಟಿ ಕಾಲಿನವರು ಒಣ ದಾರಿಯಲ್ಲಿ ಎಲ್ಲೂ ನಿಲ್ಲದೆ ನಡೆಯುವ ಲೆಕ್ಕ. ಮಳೆಯಾಗಿದ್ದರೆ ಮೂರರಲ್ಲಿ ಒಂದು ಭಾಗ ಸೇರಿಸಿ, ಮೂರು ಗಂಟೆ ಇಟ್ಟುಕೊಳ್ಳಿ. ಮಾತು ಜಾಸ್ತಿ ಇರುವ ಗುಂಪಾದರೆ ಇನ್ನರ್ಧ ಗಂಟೆ. ಇಳಿಯುವಾಗ ಬೇಗ ಆಗುತ್ತದೆ ಅಂತ ಅಂದುಕೊಳ್ಳಬೇಡಿ, ಒದ್ದೆ ಬಂಡೆ, ಪಾಚಿ, ಮರದ ಬೇರು ಇರುವ ದಾರಿಯಲ್ಲಿ ಹತ್ತುವುದಕ್ಕಿಂತ ಇಳಿಯುವುದೇ ನಿಧಾನ. ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಬಾಗಿರಲಿ, ಬೇರಿನ ಮೇಲೆ ಕಾಲಿಡದೆ ದಾಟಿ ಇಡಿ. ಊರುಗೋಲು ಇದ್ದರೆ ಇಂಥ ಕಡೆಯೇ ಅದರ ಬೆಲೆ ಗೊತ್ತಾಗುವುದು.

ಸರಿ, ಜಾಕೆಟ್. ದುಬಾರಿ ಜಾಕೆಟ್ ಕೊಂಡರೆ ಸಾಕಾ ಅಂತ ಕೇಳಿದ್ದೀರಿ. ಸಾಲದು, ಮತ್ತೆ ಅಷ್ಟು ದುಬಾರಿ ಬೇಕಾಗಿಯೂ ಇಲ್ಲ. ಏರು ಹತ್ತುವಾಗ ಬೆವರು ಗಂಟೆಗೆ ಅರ್ಧ ಲೀಟರ್, ಕೆಲವರಿಗೆ ಒಂದು ಲೀಟರಿನ ತನಕವೂ ಹೋಗುತ್ತದೆ. ಗಾಳಿಯಾಡುವ ಬಟ್ಟೆ ಅಂತ ಎಷ್ಟೇ ಹೇಳಿದರೂ ಅಷ್ಟು ಆವಿ ಹೊರಗೆ ಹೋಗುವುದು ಕಷ್ಟ. ಅದರಲ್ಲೂ ಹೊರಮೈ ನೀರು ಕುಡಿದು ಕಪ್ಪಗಾದ ಮೇಲೆ ಆವಿ ಹೋಗುವುದು ನಿಂತೇ ಹೋಗುತ್ತದೆ. ಆಗ ಜಾಕೆಟ್ ಸೋರುತ್ತಿದೆ ಅನ್ನಿಸುತ್ತದೆ, ಒಳಗಿರುವುದು ನಿಮ್ಮದೇ ಬೆವರು. ಕಂಕುಳ ಕೆಳಗೆ ಜಿಪ್ ಇರುವ, ಟೋಪಿ ಬಿಗಿಯಾಗಿ ಕಟ್ಟಲು ಬರುವ, ಸೊಂಟ ದಾಟಿ ಕೆಳಗೆ ಬರುವ ಸಾಧಾರಣ ಜಾಕೆಟ್ ಸಾಕು. ಬೆಚ್ಚಗಿನ ಮಳೆಯಲ್ಲಿ, ಗಾಳಿ ಇಲ್ಲದ ಅಗಲ ದಾರಿಯಲ್ಲಿ ನಾನು ಹಿಡಿಯುವುದು ಕೊಡೆಯನ್ನೇ. ನಗುವವರು ನಗಲಿ, ಬೆವರುವುದಿಲ್ಲ, ಕನ್ನಡಕ ಒದ್ದೆಯಾಗುವುದಿಲ್ಲ. ಗುಡುಗು ಕೇಳಿದರೆ ಅಥವಾ ಗಾಳಿ ಎದ್ದರೆ ಮಾತ್ರ ಮಡಚಿಡಬೇಕು.

ಜಾಕೆಟ್‌ಗಿಂತ ಮುಖ್ಯ ಒಳಗಿನ ಬಟ್ಟೆ. ಹತ್ತಿ ಬೇಡ. ಊರೊಳಗೆ ಹತ್ತಿಯಷ್ಟು ಹಿತವಾದದ್ದಿಲ್ಲ, ಗುಡ್ಡದ ಮೇಲೆ ಅದು ನೀರು ಹೀರಿ ಮೈಗೆ ಅಂಟುತ್ತದೆ, ಒಣಗುವುದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಶಾಖವನ್ನು ಸೆಳೆಯುತ್ತದೆ, ಜೀನ್ಸ್ ಹಾಕಿ ನೆನೆದವರು ನಡುಗುವುದು ಅದಕ್ಕೇ. ಆಟದ ಟೀ ಶರ್ಟುಗಳ ಪಾಲಿಯೆಸ್ಟರ್ ಬಟ್ಟೆ ಬೇಗ ಒಣಗುತ್ತದೆ, ಚಳಿ ಇರುವ ಕಡೆ ತೆಳು ಉಣ್ಣೆ ಇನ್ನೂ ಒಳ್ಳೆಯದು, ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತದೆ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸುವಷ್ಟೇ ಹಾಕಿಕೊಳ್ಳಿ, ಹತ್ತು ನಿಮಿಷದಲ್ಲಿ ಮೈ ಬೆಚ್ಚಗಾಗುತ್ತದೆ. ನಿಂತ ಕೂಡಲೇ ಮೇಲೆ ಒಂದು ಹಾಕಿ, ಹೊರಡುವಾಗ ತೆಗೆಯಿರಿ. ಸೋಮಾರಿತನಕ್ಕೆ ಎಲ್ಲರೂ ತಪ್ಪುವುದು ಇದೊಂದನ್ನೇ. ಜೊತೆಯವರಲ್ಲಿ ಯಾರಾದರೂ ನಡುಗುತ್ತಾ, ಮಾತು ತೊದಲುತ್ತಾ, ಜಿಪ್ ಹಾಕಲೂ ಬೆರಳು ಬಗ್ಗದೆ ಒದ್ದಾಡುತ್ತಿದ್ದರೆ ಮೈಯ ಒಳಗಿನ ಶಾಖ ಇಳಿಯುತ್ತಿದೆ ಅಂತ ಅರ್ಥ. ಒಳಶಾಖ 35 ಡಿಗ್ರಿಗಿಂತ ಕೆಳಗೆ ಹೋದರೆ ಅದು ಕಾಯಿಲೆಯ ಲೆಕ್ಕ. ಗಾಳಿಯ ಮರೆಗೆ ಕರೆದುಕೊಂಡು ಹೋಗಿ, ಒದ್ದೆ ತೆಗೆಸಿ ಒಣ ಬಟ್ಟೆ ಹಾಕಿ, ಎಚ್ಚರವಿದ್ದು ನುಂಗಲು ಆಗುವಂತಿದ್ದರೆ ಸಿಹಿಯಾದ ಬಿಸಿ ಪಾನೀಯ ಕೊಡಿ, ಸಹಾಯಕ್ಕೆ ಫೋನ್ ಮಾಡಿ. 10, 12 ಡಿಗ್ರಿಯ ಮಳೆಗಾಳಿಯಲ್ಲೂ ಇದು ಆಗುತ್ತದೆ, ಹಿಮವೇ ಬೇಕಾಗಿಲ್ಲ.

ಬ್ಯಾಗಿಗೆ ಮೇಲಿಂದ ಹಾಕುವ ಮಳೆ ಹೊದಿಕೆ ಅರ್ಧ ಕೆಲಸ ಮಾತ್ರ ಮಾಡುತ್ತದೆ, ನೀರು ಬೆನ್ನಿನ ಕಡೆಯಿಂದ ಇಳಿಯುತ್ತದೆ. ಒಂದು ದೊಡ್ಡ ದಪ್ಪ ಪ್ಲಾಸ್ಟಿಕ್ ಚೀಲವನ್ನು ಬ್ಯಾಗಿನ ಒಳಗೆ ಇಟ್ಟು, ಅದರೊಳಗೆ ಸಾಮಾನು ತುಂಬಿ, ಬಾಯಿ ತಿರುಚಿ ಮಡಚಿಬಿಡಿ. ಫೋನ್ ಮೇಲೆ ಪೂರ್ತಿ ನಂಬಿಕೆ ಇಡಬೇಡಿ. ಮಳೆಯಲ್ಲಿ ನಕ್ಷೆ ತೆರೆಯಲು ಹೋಗಿ ನೋಡಿ: ಪರದೆಯ ಮೇಲೆ ಬಿದ್ದ ಒಂದೊಂದು ಹನಿಯೂ ಬೆರಳೇ ಅಂತ ಅದು ತಿಳಿಯುತ್ತದೆ, ನಕ್ಷೆ ತಾನೇ ದೊಡ್ಡದಾಗುತ್ತದೆ, ತಾನೇ ಸರಿಯುತ್ತದೆ, ಒರೆಸೋಣ ಅಂದರೆ ಮೈಮೇಲೆ ಒಣಗಿದ ಬಟ್ಟೆಯೇ ಇರುವುದಿಲ್ಲ. ದಾರಿಯ ಚಿತ್ರವನ್ನು ಮೊದಲೇ ಡೌನ್‌ಲೋಡ್ ಮಾಡಿ, ಜಿಪ್ ಕವರಿನಲ್ಲಿ ಒಂದು ಕಾಗದದ ನಕ್ಷೆಯನ್ನೂ ಇಟ್ಟುಕೊಳ್ಳಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಫೋನನ್ನು ಒಳಜೇಬಿನಲ್ಲಿ ಇಡಿ.

ಬೂಟಿಗೆ ಬಂದರೆ, ನೀರು ಒಳಗೆ ಹೋಗದ ಬೂಟು ಚಳಿಗೆ ಸರಿ. ಬೆಚ್ಚಗಿನ ಮಳೆಗೆ ಜಾಲರಿ ಬಟ್ಟೆಯ ಶೂಗಳೇ ವಾಸಿ, ನೀರು ಹೇಗೆ ಬಂತೋ ಹಾಗೇ ಹೋಗುತ್ತದೆ. ನೀರು ಹೋಗದ ಬೂಟಿನೊಳಗೆ ಮೇಲಿಂದ ಒಮ್ಮೆ ನೀರು ಇಳಿದರೆ ಅದು ಅಲ್ಲೇ ಇರುತ್ತದೆ. ಒದ್ದೆ ಚರ್ಮ ಮೆತ್ತಗಾಗಿ ಬೇಗ ಗುಳ್ಳೆ ಏಳುತ್ತದೆ, ಅದಕ್ಕೆ ಹಿಮ್ಮಡಿ ಮತ್ತು ಬೆರಳ ಸಂದಿಗೆ ಹೊರಡುವ ಮುಂಚೆ ವ್ಯಾಸಲೀನ್ ಸವರಿ. ಅರ್ಧ ದಾರಿಯಲ್ಲಿ ಸಾಕ್ಸ್ ಬದಲಿಸಿ. ಎಲ್ಲಾದರೂ ಉರಿ ಅನ್ನಿಸಿದ ಕೂಡಲೇ ನಿಂತು ಅಂಟುಪಟ್ಟಿ ಹಾಕಿ, ಮುಂದಿನ ತಿರುವಿನಲ್ಲಿ ನೋಡೋಣ ಅಂದರೆ ಅಷ್ಟರಲ್ಲಿ ಗುಳ್ಳೆ ಎದ್ದಿರುತ್ತದೆ. ಮನೆಗೆ ಬಂದು ಶೂ ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸಿ. ಬೆಂಕಿಯ ಹತ್ತಿರ, ಹೀಟರಿನ ಮುಂದೆ ಇಟ್ಟರೆ ಅಂಟು ಬಿಡುತ್ತದೆ.

ಸೆಕೆಯ ಬಗ್ಗೆ ನೀವು ಕೇಳಲಿಲ್ಲ. ಆದರೆ ಮಳೆಯ ಭಯದಲ್ಲಿ ಜನ ಮರೆಯುವುದು ಇದನ್ನೇ. ಮೋಡ ಕವಿದ, ಗಾಳಿ ಇಲ್ಲದ, ತೇವದ ದಿನ ಬೆವರು ಹರಿಯುತ್ತದೆ ಹೊರತು ಆರುವುದಿಲ್ಲ, ಆರದ ಬೆವರು ಮೈ ತಂಪು ಮಾಡುವುದಿಲ್ಲ. ಸೆಕೆಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು, ಬೇಸಿಗೆಯ ಮೊದಲ ಚಾರಣ ಚಿಕ್ಕದಿರಲಿ. ನೀರು ಬಾಯಾರಿಕೆ ನೋಡಿ ಕುಡಿಯಿರಿ, ಗಂಟೆಗೆ ಅರ್ಧ ಲೀಟರ್ ಆಸುಪಾಸು ಬಹಳ ಜನಕ್ಕೆ ಸರಿಹೋಗುತ್ತದೆ. ಒಳ್ಳೆಯದು ಅಂತ ಬರೀ ನೀರನ್ನೇ ಗಟಗಟ ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿದು ಅದೇ ಅಪಾಯವಾಗುತ್ತದೆ, ಜೊತೆಗೆ ಉಪ್ಪಿನ ತಿಂಡಿ ಏನಾದರೂ ಇರಲಿ. ತಲೆನೋವು, ವಾಕರಿಕೆ, ತಲೆ ಸುತ್ತು ಬಂದರೆ ನೆರಳಿಗೆ ಬಂದು ಕೂರಿ. ಯಾರಾದರೂ ಅರ್ಥವಿಲ್ಲದ ಮಾತಾಡಲು ಶುರು ಮಾಡಿದರೆ ಕಾಯಬೇಡಿ, ನೀರು ಸುರಿದು ಗಾಳಿ ಹಾಕಿ ಮೈ ತಣ್ಣಗೆ ಮಾಡುತ್ತಲೇ ಆಂಬುಲೆನ್ಸ್ ಕರೆಯಿರಿ.

ಈಗ ನಿಮ್ಮ 10 ಕಿ.ಮೀ. ನಡಿಗೆ. ಇದು ಚಾರಣದ ಹಾಗಲ್ಲ. ಇಲ್ಲಿ ದಾರಿ ನಿಮ್ಮ ಕೈಯಲ್ಲಿಲ್ಲ, ದಿನವೂ ಇಲ್ಲ. ನಿಮ್ಮ ಕೈಯಲ್ಲಿರುವುದು ತಯಾರಿ ಮಾತ್ರ. ಒಳ್ಳೆಯ ಸುದ್ದಿ ಏನೆಂದರೆ ಇಂಥ ನಡಿಗೆಗಳು ಹೆಚ್ಚಾಗಿ ರಸ್ತೆಯ ಮೇಲೆ, ಜನರ ನಡುವೆ, ಸಹಾಯ ಹತ್ತಿರವೇ ಇರುವ ಕಡೆ ನಡೆಯುತ್ತವೆ. ಬರೀ ಮಳೆಗೆ ಹೆದರಲು ಕಾರಣ ಕಮ್ಮಿ. ನೋಂದಣಿಯ ಕಾಗದವನ್ನು ಒಮ್ಮೆ ಪೂರ್ತಿ ಓದಿ. ಮಳೆ ಬಂದರೂ ನಡೆಯುತ್ತದೆಯೋ, ಮುಂದೂಡುತ್ತಾರೋ, ದೂರ ಕಮ್ಮಿ ಮಾಡುತ್ತಾರೋ, ಕಟ್ಟಿದ ಶುಲ್ಕ ವಾಪಸ್ ಉಂಟೋ, ಬೆಳಿಗ್ಗೆ ಎಷ್ಟು ಗಂಟೆಗೆ ಯಾವ ನಂಬರಿನಿಂದ ತಿಳಿಸುತ್ತಾರೆ. ಬರೆದಿಲ್ಲದಿದ್ದರೆ ಈಗಲೇ ಕೇಳಿ. ಸಂಘಟಕರು ಅದನ್ನು ಇನ್ನೂ ಯೋಚಿಸಿಲ್ಲ ಅಂತ ಉತ್ತರದ ಧಾಟಿಯಲ್ಲೇ ಗೊತ್ತಾಗುತ್ತದೆ. ನಿಮ್ಮ ಪ್ರಶ್ನೆಯಿಂದ ಯೋಚಿಸಲು ಶುರು ಮಾಡಿದರೆ ಅದೂ ಒಂದು ಸೇವೆಯೇ.

ನಡಿಗೆಗೆ ಎರಡು ವಾರ ಮುಂಚೆ ಏಳೆಂಟು ಕಿ.ಮೀ. ಆರಾಮಾಗಿ ನಡೆಯುವಷ್ಟು ಅಭ್ಯಾಸ ಆಗಿರಲಿ. ಅದರಲ್ಲಿ ಒಂದು ದಿನವಾದರೂ ಬೇಕಂತಲೇ ಮಳೆಯಲ್ಲಿ ಹೋಗಿ. ಮನೆಯ ಸುತ್ತಲೇ ಸಾಕು, ಒಂದು ಗಂಟೆ, ಅವತ್ತು ಹಾಕುವ ಅದೇ ಶೂ, ಅದೇ ಸಾಕ್ಸ್, ಅದೇ ಜಾಕೆಟ್. ತೋಳಿನ ತುದಿಯಿಂದ ನೀರು ಮೊಣಕೈವರೆಗೆ ಹತ್ತುತ್ತದೋ, ಪ್ಯಾಂಟ್ ತೊಡೆಗೆ ಉಜ್ಜುತ್ತದೋ, ಟೋಪಿ ಹಾಕಿದರೆ ಪಕ್ಕದಿಂದ ಬರುವ ಗಾಡಿ ಕಾಣುತ್ತದೋ ಇಲ್ಲವೋ ಎಲ್ಲಾ ಅಲ್ಲೇ ಬಯಲಾಗುತ್ತದೆ. ಯಾವಾಗ ಬೇಕಾದರೂ ಮನೆಗೆ ಓಡಿ ಬರಬಹುದಾದ ಜಾಗದಲ್ಲಿ ನೆನೆಯುವುದಕ್ಕೂ, ಏಳನೇ ಕಿಲೋಮೀಟರಿನಲ್ಲಿ ಮೊದಲ ಸಲ ನೆನೆಯುವುದಕ್ಕೂ ಬಹಳ ವ್ಯತ್ಯಾಸ ಇದೆ. ಇದೊಂದು ಮಾಡಿದರೆ ಮಳೆಯ ಬಗೆಗಿನ ಅರ್ಧ ಅಳುಕು ಹೋಗುತ್ತದೆ.

ಆ ದಿನ ನಿಜವಾಗಿ ಚಳಿ ಹಿಡಿಯುವುದು ನಡೆಯುವಾಗ ಅಲ್ಲ, ಶುರುವಾಗುವ ಮುಂಚೆ ಮತ್ತು ಮುಗಿದ ಮೇಲೆ. ಭಾಷಣ, ರಿಬ್ಬನ್, ಫೋಟೊ ಅಂತ ಮುಕ್ಕಾಲು ಗಂಟೆ ನಿಲ್ಲಿಸುತ್ತಾರೆ, ಅತಿಥಿಗಳು ಬರುವುದು ಎಲ್ಲಾ ಕಡೆಯೂ ತಡವೇ. ಆ ಹೊತ್ತಿಗೆ ಒಂದು ತೆಳು ಪ್ಲಾಸ್ಟಿಕ್ ಮಳೆ ಅಂಗಿ ಇಟ್ಟುಕೊಳ್ಳಿ. ಪಾರದರ್ಶಕ ಆಗಿದ್ದರೆ ಎದೆಯ ಮೇಲಿನ ನಂಬರ್ ಕಾಣುತ್ತದೆ. ಜನಜಂಗುಳಿಯಲ್ಲಿ ಕೊಡೆ ಬೇಡ, ಪಕ್ಕದವರ ಕಣ್ಣಿಗೆ ಚುಚ್ಚುತ್ತದೆ. ಮುಗಿಯುವ ಜಾಗದಲ್ಲಿ ಯಾರ ಹತ್ತಿರವಾದರೂ ಒಂದು ಒಣ ಟೀ ಶರ್ಟ್, ಟವೆಲ್, ಚಪ್ಪಲಿ ಇರುವ ಚೀಲ ಕೊಟ್ಟಿರಿ. ಪದಕ ಹಾಕಿಕೊಂಡು ಫೋಟೊಗೆ ನಿಲ್ಲುವ ಮೊದಲು ಬಟ್ಟೆ ಬದಲಿಸಿ. ದಾರಿಯಲ್ಲಿ ಜೀಬ್ರಾ ಕ್ರಾಸಿಂಗಿನ ಬಿಳಿ ಬಣ್ಣ, ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳ, ಉದುರಿದ ಎಲೆ ಇವು ಒದ್ದೆಯಾದಾಗ ತುಂಬಾ ಜಾರುತ್ತವೆ. ನೀರು ನಿಂತ ಗುಂಡಿಯ ಆಳ ನೋಡುವ ಆಸೆ ಬೇಡ. ನಿಮ್ಮ ಮನೆಯವರು ಯಾರಾದರೂ ಸ್ವಯಂಸೇವಕರಾಗಿ ತಿರುವಿನಲ್ಲಿ ನಿಲ್ಲುವವರಿದ್ದರೆ ಅವರಿಗೆ ನಿಮಗಿಂತ ಒಂದು ಪದರ ಜಾಸ್ತಿ ಹಾಕಿಸಿ, ನಡೆಯುವವರಿಗೆ ಮೈ ಬಿಸಿ ಇರುತ್ತದೆ, ನಿಂತವರಿಗೆ ಇರುವುದಿಲ್ಲ.

ಗುಡುಗು ಕೇಳಿದರೆ ಸಂಘಟಕರು ನಿಲ್ಲಿಸಬೇಕು. ನಿಲ್ಲಿಸದಿದ್ದರೂ ನೀವು ನಿಲ್ಲಿ. ಹತ್ತಿರದ ಕಟ್ಟಡದೊಳಗೆ ಹೋಗಿ. ದೇಣಿಗೆ ತೆಗೆದುಕೊಂಡಿದ್ದೇನೆ, ಮುಗಿಸಲೇಬೇಕು ಅನ್ನುವ ಹಟ ಅಲ್ಲಿ ಬೇಡ. ಕಾಸು ಕೊಟ್ಟವರು ಆ ಕೆಲಸಕ್ಕೆ ಕೊಟ್ಟಿದ್ದಾರೆ, ನಿಮ್ಮ ಸಮಯ ನೋಡಲು ಅಲ್ಲ.

ಇನ್ನು ಆ ದೇಣಿಗೆಯ ಮುಜುಗರ. ನಿಮ್ಮ ಪ್ರಶ್ನೆಯ ಒಳಗಿನ ಅಸಲಿ ಚಿಂತೆ ಇದೇ ಇರಬೇಕು ಅಂತ ನನಗನ್ನಿಸುತ್ತದೆ. ಇದು ಸುಲಭ, ಆದರೆ ಈಗಲೇ ಮಾಡಬೇಕು, ಮಳೆ ಬಂದ ಮೇಲೆ ಅಲ್ಲ. ಯಾರ್ಯಾರು ಕಿಲೋಮೀಟರಿಗೆ ಇಷ್ಟು ಅಂತ ಹೇಳಿದ್ದಾರೆ, ಯಾರು ಒಟ್ಟು ಮೊತ್ತ ಹೇಳಿದ್ದಾರೆ ಅಂತ ಒಂದು ಪಟ್ಟಿ ಮಾಡಿ. ಒಟ್ಟು ಮೊತ್ತದವರಿಗೆ ಯಾವ ತೊಂದರೆಯೂ ಇಲ್ಲ, ಅವರಿಂದ ಮುಂಚೆಯೇ ನೇರ ಸಂಸ್ಥೆಗೆ ಹಣ ಹೋಗುವಂತೆ ಮಾಡಿಬಿಡಿ. ಕಿಲೋಮೀಟರ್ ಲೆಕ್ಕದವರಿಗೆ ಈ ವಾರವೇ ಎರಡು ಸಾಲು ಕಳಿಸಿ: "ಹವಾಮಾನದಿಂದ ಅವತ್ತು ದೂರ ಕಮ್ಮಿ ಆದರೆ ಅಥವಾ ನಿಂತುಹೋದರೆ, ಉಳಿದ ದೂರವನ್ನು ಅದೇ ತಿಂಗಳಲ್ಲಿ ಇನ್ನೊಂದು ದಿನ ನಡೆದು ಮುಗಿಸುತ್ತೇನೆ. ಫೋಟೊ ಕಳಿಸುತ್ತೇನೆ. ನಿಮಗೆ ಒಪ್ಪಿಗೆ ತಾನೇ?" ಬೇಡ ಅನ್ನುವವರು ಸಿಗುವುದು ಅಪರೂಪ. ಎಷ್ಟೋ ಜನ ಒಂದು ಹೆಬ್ಬೆರಳಿನ ಗುರುತು ಕಳಿಸಿ ಸುಮ್ಮನಾಗುತ್ತಾರೆ. ಒಂದಿಬ್ಬರು ನಾವೂ ಜೊತೆಗೆ ಬರಬಹುದಾ ಅಂತ ಕೇಳಿದರೆ ಅವರಿಗೂ ಹತ್ತಿ ಬಟ್ಟೆ ಬೇಡ ಅಂತ ಹೇಳಿ.